.32 ಪಿಸ್ತೂಲಿಗೆ ಯಾವ ಹೋಲ್‌ಸ್ಟರ್ ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: .32 (ಅದು ಗುಂಡಿನ ಅಳತೆ) ಪಿಸ್ತೂಲಿಗೆ ಲೈಸೆನ್ಸ್ ಸಿಕ್ಕಿದೆ, ಬಟವಾಡೆಯ ದುಡ್ಡು ತರುವ ದಿನ ಸೊಂಟದಲ್ಲಿ ಇಟ್ಟುಕೊಂಡು ಹೋಗಬೇಕು. ಅಂಗಡಿಯವರು ಜೊತೆಗೆ ಕೊಟ್ಟ ಚರ್ಮದ ಹೋಲ್‌ಸ್ಟರ್, ಅಂದರೆ ಪಿಸ್ತೂಲು ಇಟ್ಟು ಮೈಗೆ ಕಟ್ಟಿಕೊಳ್ಳುವ ಚೀಲ, ಹಾಕಿಕೊಂಡರೆ ಶರ್ಟಿನಡಿ ಗೆಡ್ಡೆ ಎದ್ದ ಹಾಗೆ ಕಾಣುತ್ತದೆ. ಬೇರೆ ಯಾವುದು ಕೊಳ್ಳಲಿ? ನಾನೂ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ. ಮೂರು ಹೋಲ್‌ಸ್ಟರ್‌ಗಳಿಗೆ ದುಡ್ಡು ದಂಡ ಮಾಡಿದ ಮೇಲೆ ನಾಲ್ಕನೆಯದು ಸರಿಹೋಗಿದೆ.

ಕಾಣದ ಹಾಗೆ ಒಯ್ಯುವುದು ನಮ್ಮ ಇಷ್ಟಾನಿಷ್ಟದ ಮಾತಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ನೋಡಿ (.32ಕ್ಕೆ 32, ಮರೆಯುವ ಹಾಗೇ ಇಲ್ಲ). ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವುದಾದರೆ ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನಚೀಲದಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿರಬೇಕು. ಮದುವೆ ಮನೆಯಲ್ಲಿ ಹಿಡಿ ಕಾಣುವ ಹಾಗೆ ಸಿಕ್ಕಿಸಿಕೊಂಡು ಓಡಾಡುವ ಶೋಕಿಯವರಿಗೆ ಇದು ಗೊತ್ತಿದ್ದಂತಿಲ್ಲ. ಚೀಲಕ್ಕೆ ಅವಕಾಶವಿದೆಯೆಂದು ದುಡ್ಡಿನ ಬ್ಯಾಗಿಗೇ ಪಿಸ್ತೂಲು ಹಾಕಬೇಡಿ. ಕಳ್ಳ ಮೊದಲು ಕಿತ್ತುಕೊಳ್ಳುವುದು ಅದನ್ನೇ.

ನಾನು ಮೊದಲು ಕೊಂಡದ್ದು ನೈಲಾನಿನದು, ಯಾವ ಪಿಸ್ತೂಲಿಗಾದರೂ ಆಗುತ್ತದೆ ಅಂದರು. ಒಂದು ಶನಿವಾರ ಸಂಜೆ ಜೀಪು ನಿಲ್ಲಿಸಿ ಉಣಗೋಲು (ದಾರಿಗೆ ಅಡ್ಡ ಹಾಕುವ ಗಳ) ಸರಿಸಲು ಬಗ್ಗಿದೆ. ಪಟ್ಟಿಯ ಬಟನ್ ಯಾವಾಗ ಬಿಚ್ಚಿಕೊಂಡಿತ್ತೋ, ಪಿಸ್ತೂಲು ಜಾರಿ ಕೆಸರಿಗೆ ಬಿತ್ತು. ಪುಣ್ಯಕ್ಕೆ ಚೇಂಬರಿನಲ್ಲಿ, ಅಂದರೆ ಹಾರಲಿರುವ ಗುಂಡು ಕೂರುವ ನಳಿಗೆಯ ಹಿಂಬದಿಯಲ್ಲಿ, ಗುಂಡು ಇರಲಿಲ್ಲ. ಜೊತೆಗಿದ್ದ ರೈಟರ್ (ತೋಟದ ಲೆಕ್ಕ ಬರೆಯುವವರು) ಏನೂ ಕಾಣಲಿಲ್ಲ ಅನ್ನುವ ಹಾಗೆ ಮರದ ಮೇಲಿನ ಮೆಣಸಿನ ಬಳ್ಳಿ ನೋಡುತ್ತ ನಿಂತರು. ಅವತ್ತಿನಿಂದ ನನ್ನ ಲೆಕ್ಕದಲ್ಲಿ ಅಡಗಿಸುವುದು ಹೋಲ್‌ಸ್ಟರಿನ ಎರಡನೇ ಕೆಲಸ. ಬೀಳದ ಹಾಗೆ ಹಿಡಿಯುವುದು, ಟ್ರಿಗರಿಗೆ ಏನೂ ತಾಗದ ಹಾಗೆ ಮುಚ್ಚುವುದು ಮೊದಲನೆಯದು.

ಕೊಳ್ಳುವ ಮೊದಲೋ ತಂದ ಮೇಲೋ ಹೀಗೆ ಪರೀಕ್ಷೆ ಮಾಡಿ. ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಮೇಲೆ ಹಿಂದೆಮುಂದೆ ಸರಿಯುವ ಭಾಗವಾದ ಸ್ಲೈಡ್ ಎಳೆದು, ಚೇಂಬರಿಗೆ ಬೆರಳಿಟ್ಟು ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಪಿಸ್ತೂಲನ್ನು ಹೋಲ್‌ಸ್ಟರಿಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಜಾಡಿಸಿ. ಬಿದ್ದರೆ ಆ ಹೋಲ್‌ಸ್ಟರ್ ಬೇಡ. ಟ್ರಿಗರ್ ಇರುವ ಜಾಗವನ್ನು ಹೊರಗಿನಿಂದ ಒತ್ತಿ ನೋಡಿ, ಒಳಗೆ ಟ್ರಿಗರ್ ಅಲ್ಲಾಡಿದ್ದು ಗೊತ್ತಾದರೆ ಅದೂ ಬೇಡ. ಪಿಸ್ತೂಲು ಹೊರತೆಗೆದ ಮೇಲೆ ಬಾಯಿ ತೆರೆದೇ ಇರಬೇಕು. ಹಳೆಯ ಮೆತ್ತನೆ ಚರ್ಮದ ಬಾಯಿ ಮಡಚಿಕೊಂಡರೆ, ವಾಪಸ್ ತೂರಿಸುವಾಗ ಆ ಮಡಿಕೆಯೇ ಟ್ರಿಗರ್ ಒತ್ತಬಹುದು. ಅಂಗಡಿಯವರು ಕೊಟ್ಟ ಚೀಲಕ್ಕೆ ಈ ಮೂರೂ ಮಾಡಿ ನೋಡಿ, ಗೆಡ್ಡೆ ಕಾಣುವುದಕ್ಕಿಂತ ದೊಡ್ಡ ತಕರಾರು ಸಿಗಬಹುದು.

ಈಗ ಅಡಗಿಸುವ ವಿಷಯ. ಬೆಲ್ಟಿನ ಹೊರಗೆ ಕಟ್ಟುವಂಥದ್ದು ಕೂತರೂ ನಿಂತರೂ ಹಿತ. ಆದರೆ ಶರ್ಟು ಸ್ವಲ್ಪ ಮೇಲೆ ಸರಿದರೆ ಸಾಕು, ತುದಿ ಇಣುಕುತ್ತದೆ. ಪ್ಯಾಂಟಿನೊಳಗೆ ಸಿಕ್ಕಿಸಿ ಬೆಲ್ಟಿಗೆ ಕ್ಲಿಪ್ ಹಾಕುವಂಥದ್ದು ಚೆನ್ನಾಗಿ ಅಡಗುತ್ತದೆ, ಪ್ಯಾಂಟಿನ ಸೊಂಟ ಮಾತ್ರ ಒಂದೆರಡು ಇಂಚು ಸಡಿಲ ಬೇಕು. ಹೊಕ್ಕುಳು 12 ಗಂಟೆ ಅಂದುಕೊಂಡರೆ ಬಲಗೈಯವರಿಗೆ 4 ಗಂಟೆಯ ಜಾಗ, ಅಂದರೆ ಸೊಂಟದ ಮೂಳೆಯ ಸ್ವಲ್ಪ ಹಿಂದೆ, ಒಗ್ಗುತ್ತದೆ. ಹೊಟ್ಟೆಯ ಮುಂದೆ ಇಡುವುದು ಸಪೂರ ಇದ್ದವರಿಗೆ ಸರಿ. ನನ್ನಂಥ ಹೊಟ್ಟೆಯವರು ಜೀಪಿನಲ್ಲಿ ಕೂತರೆ ಹಿಡಿ ಪಕ್ಕೆಗೆ ಚುಚ್ಚುತ್ತದೆ, ನಳಿಗೆ ತೊಡೆಯ ಕಡೆ ನೋಡುತ್ತದೆ. ನನಗೆ ಅದು ಬೇಡವೇ ಬೇಡ. ಕಂಕುಳಡಿಯದಕ್ಕೆ ವರ್ಷವಿಡೀ ಜರ್ಕಿನ್ ಬೇಕು, ಮೇಲಾಗಿ ಅಡ್ಡ ಮಲಗಿಸುವಂಥದ್ದಾದರೆ ನಳಿಗೆ ನಿಮ್ಮ ಹಿಂದೆ ನಿಂತವರ ಕಡೆಗಿರುತ್ತದೆ. ಪಂಚೆಗಂತೂ ಯಾವುದೂ ಆಗದು.

ಎದ್ದು ಕಾಣುವುದು ಸಾಮಾನ್ಯವಾಗಿ ನಳಿಗೆಯಲ್ಲ, ಹಿಡಿ. ಆದ್ದರಿಂದ ಹಿಡಿ ಮೈಗೆ ಒರಗುವ ಹಾಗೆ, ತುಸು ಮುಂದಕ್ಕೆ ವಾಲಿಸಿ ಕೂರಿಸುವ ಹೋಲ್‌ಸ್ಟರ್ ಹುಡುಕಿ. ಅಷ್ಟಾದರೂ ಬೆಲ್ಟ್ ಮೆತ್ತಗಿದ್ದರೆ ಪಿಸ್ತೂಲಿನ ಭಾರಕ್ಕೆ ಅದು ಜೋತು ಹೊರಗೆ ವಾಲುತ್ತದೆ. ಎರಡು ಪದರ ಹೊಲಿದ, ಒಂದೂವರೆ ಇಂಚು ಅಗಲದ ಗಟ್ಟಿ ಬೆಲ್ಟ್ ತೆಗೆದುಕೊಳ್ಳಿ. ನಿಮ್ಮ ಗೆಡ್ಡೆಯ ಅರ್ಧ ಸಮಸ್ಯೆ ಅಲ್ಲೇ ಹೋಗಬಹುದು. ಮೇಲೆ ಗೆರೆ ಅಥವಾ ಚೌಕುಳಿಯ ಶರ್ಟು, ಒಂದು ಸೈಜ್ ದೊಡ್ಡದು, ಹೊರಗೆ ಬಿಟ್ಟುಕೊಳ್ಳಿ.

ಚರ್ಮವೋ ಪ್ಲಾಸ್ಟಿಕ್ಕೋ? ನಾನೂ ಚರ್ಮದವನೇ ಆಗಿದ್ದೆ, ಮಳೆಗಾಲ ನನ್ನನ್ನು ಬದಲಾಯಿಸಿತು. ನಮ್ಮ ಕಡೆ ಜೂನ್‌ನಿಂದ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ, ಚರ್ಮದ ಹೋಲ್‌ಸ್ಟರ್ ಯಾವ ಲೆಕ್ಕ? ಬೆವರು, ತೇವ ಹೀರಿಕೊಂಡ ಚರ್ಮದೊಳಗೆ ಪಿಸ್ತೂಲು ಬಿಟ್ಟರೆ ಸ್ಲೈಡಿಗೆ ತುಕ್ಕು. ಚರ್ಮದ ಕುಣಿಕೆಗಳಲ್ಲೇ ಉಳಿದ ತೋಟಾಗಳ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಒದ್ದೆಯಾಯಿತೆಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ನನ್ನ ಎರಡನೆಯದು ಹಪ್ಪಳದಂತೆ ಸೆಟೆದುಕೊಂಡಿತು. ಈಗಿರುವುದು ಕೈಡೆಕ್ಸ್. ಅದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ ಹಾಳೆ, ಕಾಯಿಸಿ ಪಿಸ್ತೂಲಿನ ಅಚ್ಚಿಗೇ ಒತ್ತಿ ಮಾಡುತ್ತಾರೆ. ಪಿಸ್ತೂಲು ಕೂತಾಗ ಟಕ್ ಅನ್ನುತ್ತದೆ, ಮಳೆಗೆ ಜಗ್ಗುವುದಿಲ್ಲ. ಆದರೆ ಅಚ್ಚು ಬೇರೆಯಾದರೆ ಕೂರುವುದೇ ಇಲ್ಲ. ನನ್ನ ಮೂರನೆಯದು ಗ್ಲಾಕ್ ಅನ್ನುವ ಬೇರೆ ಕಂಪನಿಯ ಪಿಸ್ತೂಲಿಗೆಂದು ಮಾಡಿದ್ದು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿ ಮೂರ್ಖನಾದೆ. ನಿಮ್ಮ ಪಿಸ್ತೂಲಿನ ಮಾಡೆಲ್ ಹೇಳಿಯೇ ಮಾಡಿಸಿ. ಬರಿಮೈಗೆ ಅದು ಉಜ್ಜುತ್ತದೆ, ಒಳಗೆ ಬನಿಯನ್ ಇರಲಿ.

ಯಾವುದೇ ಆಗಲಿ, ಮನೆಗೆ ಬಂದ ಮೇಲೆ ಪಿಸ್ತೂಲು ಹೊರತೆಗೆದು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೀಗ ಹಾಕಿ ಇಡಿ. ಹೊಸ ಹೋಲ್‌ಸ್ಟರ್ ಬಂದಾಗ ಒಂದು ವಾರ ಖಾಲಿ ಪಿಸ್ತೂಲಿಟ್ಟು ಮನೆಯೊಳಗೇ ಕಟ್ಟಿಕೊಂಡು ಓಡಾಡಿ, ಬಗ್ಗಿ, ಕುಕ್ಕರುಗಾಲಲ್ಲಿ ಕೂತು ನೋಡಿ. ಜೀಪನ್ನು ಅಂಗಳದಲ್ಲೇ ನಿಲ್ಲಿಸಿ ಹತ್ತಿ ಇಳಿಯಿರಿ, ಸೀಟ್ ಬೆಲ್ಟ್ ಹಾಕಿ ಬಿಚ್ಚಿ. ನನ್ನದರ ಕ್ಲಿಪ್ ಆ ಬಕಲಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಒಂದು ಇಂಚು ಹಿಂದೆ ಸರಿಸಿದ ಮೇಲೆ ನಿಂತಿತು. ಬೆಲ್ಟ್ ಕೊಳ್ಳಲು ಪೇಟೆಗೆ ಹೋಗುವಾಗ ಬರೀ ಹೋಲ್‌ಸ್ಟರ್ ಒಯ್ಯಿರಿ, ಕ್ಲಿಪ್ಪಿಗೆ ಬೆಲ್ಟ್ ಬಿಗಿಯಾಗಿ ಕೂರುತ್ತದೆಯೇ ಅಂತ ಅಲ್ಲೇ ನೋಡಿ. ಪಿಸ್ತೂಲು ಅವತ್ತು ಮನೆಯಲ್ಲೇ ಇರಲಿ.