ಅರಬ್ಬಿ ಪುಟದಲ್ಲಿ ತಿರುಗಿ ಕೂರುವ ನಂಬರ್‌ಗಳು

ಪ್ರಶ್ನೆ: ವಾಹನ ಬಿಡಿಭಾಗಗಳ ಅಂಗಡಿಯೊಂದಕ್ಕೆ ಅರಬ್ಬಿ–ಇಂಗ್ಲಿಷ್ ವೆಬ್‌ಸೈಟ್ ಮಾಡುತ್ತಿದ್ದೇನೆ. ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ವಾಕ್ಯದ ಪೂರ್ಣವಿರಾಮ ಎಡತುದಿಯ ಬದಲು ಬಲತುದಿಗೆ ಹೋಗಿ ಕೂರುತ್ತದೆ. ಫೋನ್ ನಂಬರ್, ಪಾರ್ಟ್ ನಂಬರ್ ಹಿಂದುಮುಂದಾಗುತ್ತವೆ. ಡೇಟಾಬೇಸಿನಲ್ಲೇ ಅಕ್ಷರಗಳನ್ನು ತಿರುಗಿಸಿ ಇಡಲೇ?
— ಓದುಗರು, ಶಾರ್ಜಾ

ಉತ್ತರ: ಯಾವ ಕಾರಣಕ್ಕೂ ತಿರುಗಿಸಬೇಡಿ. ಟೈಪ್ ಮಾಡಿದ ಕ್ರಮದಲ್ಲೇ ಅಕ್ಷರಗಳು ಡೇಟಾಬೇಸಿನಲ್ಲಿರಲಿ. ಅವನ್ನು ಎಡಕ್ಕೋ ಬಲಕ್ಕೋ ಜೋಡಿಸುವುದು ಬ್ರೌಸರಿನ ಕೆಲಸ. ಅದಕ್ಕೆಂದೇ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನದಂಡವಾದ ಯುನಿಕೋಡ್‌ನಲ್ಲಿ ನಿಯಮಗಳಿವೆ. ತಿರುಗಿಸಿಟ್ಟರೆ ಹುಡುಕಿದಾಗ ಪದ ಸಿಗುವುದಿಲ್ಲ, ಮೊಬೈಲಿನಲ್ಲಿ ಸಾಲು ಮುರಿದಾಗ ವಾಕ್ಯದ ಕೊನೆಯ ಭಾಗ ಮೇಲಿನ ಸಾಲಿಗೆ ಬರುತ್ತದೆ.

ಪೂರ್ಣವಿರಾಮದ ಚುಕ್ಕಿಗೆ ತನ್ನದೇ ದಿಕ್ಕು ಇಲ್ಲ. ವಾಕ್ಯದ ಕೊನೆಯಲ್ಲಿದ್ದರೆ ಅದು ಪ್ಯಾರಾದ ದಿಕ್ಕನ್ನೇ ಹಿಡಿಯುತ್ತದೆ. ನೀವು ಬಹುಶಃ ಪುಟದ ಅಂದಚಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಸಾಲನ್ನು ಬಲಕ್ಕೆ ಒತ್ತಿದ್ದೀರಿ ಅಷ್ಟೇ. ಅದರಿಂದ ಸಾಲು ಸರಿಯುತ್ತದೆ, ದಿಕ್ಕು ಬದಲಾಗುವುದಿಲ್ಲ. ಅರಬ್ಬಿ ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲೇ ಭಾಷೆಯನ್ನು ಹೇಳುವ ಲ್ಯಾಂಗ್ ಎಂಬುದಕ್ಕೆ ‘ಎಆರ್’, ದಿಕ್ಕನ್ನು ಹೇಳುವ ಡಿಐಆರ್ ಎಂಬುದಕ್ಕೆ ಬಲದಿಂದ ಎಡಕ್ಕೆ ಎಂಬರ್ಥದ ‘ಆರ್‌ಟಿಎಲ್’ ಎಂದು ಕೊಡಿ. ಇಂಗ್ಲಿಷ್ ಪುಟದೊಳಗೆ ಒಂದೇ ಒಂದು ಅರಬ್ಬಿ ಪ್ಯಾರಾ ಇದ್ದರೆ ಆ ಪ್ಯಾರಾಗೆ ಮಾತ್ರ ಕೊಟ್ಟರೆ ಸಾಕು. ದಿಕ್ಕನ್ನು ಸಿಎಸ್‌ಎಸ್‌ಗೆ ಬಿಡಬೇಡಿ. ಅದು ಬರಹಕ್ಕೇ ಸೇರಿದ ಮಾಹಿತಿ, ಸ್ಟೈಲ್ ಫೈಲ್ ಲೋಡ್ ಆಗದಿದ್ದರೂ ಉಳಿಯಬೇಕು.

ನಂಬರ್‌ಗಳ ವಿಷಯ ಇದಕ್ಕಿಂತ ಗಂಭೀರ. ಅರಬ್ಬಿ ಅಕ್ಷರದ ನಂತರ ಬರುವ 1, 2, 3 ಮೊದಲಾದ ಅಂಕಿಗಳನ್ನು ಬ್ರೌಸರ್ ಅರಬ್ಬಿ ಬರಹದ ಅಂಕಿಗಳೆಂದೇ ಎಣಿಸುತ್ತದೆ. ಒಂದೊಂದು ಗುಂಪಿನೊಳಗೆ ಅಂಕಿಗಳ ಕ್ರಮ ಸರಿಯಾಗಿಯೇ ಇರುತ್ತದೆ, ಆದರೆ ನಡುವೆ ಖಾಲಿ ಜಾಗವೋ ಅಡ್ಡಗೆರೆಯೋ ಇದ್ದರೆ ಗುಂಪುಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಹಾಗಾಗಿ ಯುಎಇಯ ಕೋಡ್ +971 ಎಂದು ಶುರುವಾಗಬೇಕಾದ ನಂಬರ್ ಕೊನೆಯಲ್ಲಿ 971+ ಎಂದು ಮುಗಿಯುತ್ತದೆ. 11-427-510 ಎಂಬ ಪಾರ್ಟ್ ನಂಬರ್ 510-427-11 ಆಗಿ ಕಾಣುತ್ತದೆ. ಫೋನ್ ನಂಬರ್ ತಪ್ಪಿದರೆ ಗಿರಾಕಿಗೆ ಕೂಡಲೇ ಗೊತ್ತಾಗುತ್ತದೆ. ಪಾರ್ಟ್ ನಂಬರ್ ತಪ್ಪಿದರೆ ಬೇರೆಯೇ ಸಾಮಾನು ಬಂದ ಮೇಲಷ್ಟೇ ಗೊತ್ತಾಗುವುದು. 2024-05-12 ಎಂಬ ದಿನಾಂಕ 12-05-2024 ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಓರೆಗೆರೆಯ ದಿನಾಂಕ, ಚುಕ್ಕಿಯಿರುವ ಬೆಲೆ ಕೆಡುವುದಿಲ್ಲ, ಏಕೆಂದರೆ ಆ ಎರಡು ಚಿಹ್ನೆಗಳು ಅಂಕಿಗಳ ನಡುವೆ ಒಂಟಿಯಾಗಿ ಬಂದಾಗ ಅವುಗಳ ಜೊತೆಗೇ ಸೇರಿಕೊಳ್ಳುತ್ತವೆ. ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಪಾರ್ಟ್ ನಂಬರ್ ಕೂಡ ಸರಿಯಾಗಿರುತ್ತದೆ. ಅದಕ್ಕೇ ಪರೀಕ್ಷೆ ಮಾಡುವಾಗ ಬರೀ ಅಂಕಿ ಮತ್ತು ಅಡ್ಡಗೆರೆ ಇರುವ ನಂಬರ್‌ಗಳನ್ನೇ ಆರಿಸಿಕೊಳ್ಳಿ.

ಪರಿಹಾರ ಒಂದೇ: ಪ್ರತಿ ನಂಬರ್ ಸುತ್ತಲೂ ಬಿಡಿಐ ಟ್ಯಾಗ್ ಹಾಕಿ, ಅದಕ್ಕೆ ಎಡದಿಂದ ಬಲಕ್ಕೆ ಎಂಬರ್ಥದ ಡಿಐಆರ್ ‘ಎಲ್‌ಟಿಆರ್’ ಎಂದು ಕೊಡಿ. ಈ ಟ್ಯಾಗ್ ಒಳಗಿನ ಬರಹವನ್ನು ಸುತ್ತಲಿನ ಬರಹದಿಂದ ಬೇರ್ಪಡಿಸುತ್ತದೆ. ‘ಸಿ++’ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆದಾಗ ಕೂಡಿಸುವ ಚಿಹ್ನೆಗಳು ಎಡಕ್ಕೆ ಹಾರುವುದಕ್ಕೂ ಇದೇ ಮದ್ದು.

ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಟೈಟಲ್‌ನೊಳಗೆ ಟ್ಯಾಗ್ ಹಾಕಲು ಬರುವುದಿಲ್ಲ. ಅಲ್ಲಿ ಮಾತ್ರ ಎಲ್‌ಆರ್‌ಎಂ, ಆರ್‌ಎಲ್‌ಎಂ ಎಂಬ, ಕ್ರಮವಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಂದು ಸೂಚಿಸುವ, ಕಣ್ಣಿಗೆ ಕಾಣದ ಗುರುತುಗಳನ್ನು ಬಳಸಿ. ಫೋನ್ ನಂಬರಿನ ಅಂಚಿಗೆ ಇವನ್ನು ಅಂಟಿಸಬೇಡಿ: ಗಿರಾಕಿ ಕಾಪಿ ಮಾಡಿಕೊಂಡಾಗ ಗುರುತೂ ಜೊತೆಗೆ ಹೋಗಿ, ಇನ್ನೊಂದು ಫಾರ್ಮ್ ಆ ನಂಬರನ್ನು ತಪ್ಪೆಂದು ತಿರಸ್ಕರಿಸಬಹುದು.

ಪ್ರಶ್ನೆ: ಗಿರಾಕಿಗಳು ಅಭಿಪ್ರಾಯವನ್ನು ಯಾವ ಭಾಷೆಯಲ್ಲಿ ಬರೆಯುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಆಗೇನು ಮಾಡುವುದು?

ಉತ್ತರ: ಬರೆಯುವ ಪೆಟ್ಟಿಗೆಗೂ ತೋರಿಸುವ ಪ್ಯಾರಾಗೂ ಡಿಐಆರ್ ‘ಆಟೋ’ ಎಂದು ಕೊಡಿ. ದಿಕ್ಕು ಸೂಚಿಸುವ ಮೊದಲ ಅಕ್ಷರವನ್ನು ನೋಡಿ ಬ್ರೌಸರ್ ತೀರ್ಮಾನಿಸುತ್ತದೆ. ಇಂಗ್ಲಿಷ್ ಬ್ರಾಂಡ್ ಹೆಸರಿನಿಂದ ಶುರುವಾಗುವ ಅರಬ್ಬಿ ವಾಕ್ಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಬರೆಯುವವರಿಗೆ ದಿಕ್ಕು ಬದಲಿಸುವ ಗುಂಡಿಯೊಂದನ್ನು ಕೊಡುವುದು ಒಳ್ಳೆಯದು. ಬಳಕೆದಾರರ ಹೆಸರಿಗೂ ಬಿಡಿಐ ಬೇಕು. ಇಲ್ಲದಿದ್ದರೆ ಇಂಗ್ಲಿಷ್ ಪುಟದಲ್ಲಿ ಅರಬ್ಬಿ ಹೆಸರಿನ ಮುಂದಿರಬೇಕಾದ ‘3 ಅಭಿಪ್ರಾಯ’ದ 3 ಹೆಸರನ್ನು ದಾಟಿ ಎಡಕ್ಕೆ ಹೋಗುತ್ತದೆ.

ಪ್ರಶ್ನೆ: ಉರ್ದು ಶೀರ್ಷಿಕೆಯಲ್ಲಿ ಅಕ್ಷರಗಳ ಕೂಡುಗೆರೆ ತುಂಡಾಗಿದೆ, ಮೇಲುಕೆಳಗೂ ಕತ್ತರಿಸಿದಂತಿದೆ.
— ಓದುಗರು, ಬೀದರ್

ಉತ್ತರ: ಸಿಎಸ್‌ಎಸ್‌ನಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ. ಇಂಗ್ಲಿಷ್ ಶೀರ್ಷಿಕೆಗೆ ಚಂದ ಕಾಣಲೆಂದು ಕೊಟ್ಟ ಅಂತರವೇ ಇಲ್ಲಿ ಕೂಡಿ ಬರೆಯುವ ಲಿಪಿಯನ್ನು ಒಡೆಯುತ್ತದೆ. ಉರ್ದು ಬರೆಯಲು ಬಳಸುವ ನಸ್ತಾಲೀಕ್ ಶೈಲಿಯ ಅಕ್ಷರಗಳು ಪದದುದ್ದಕ್ಕೂ ಓರೆಯಾಗಿ ಇಳಿಯುವುದರಿಂದ ಹೆಚ್ಚು ಎತ್ತರ ಬೇಡುತ್ತವೆ. ಲ್ಯಾಂಗ್ ‘ಯುಆರ್’ ಎಂದಿರುವ ಭಾಗಕ್ಕೆ ಮಾತ್ರ ಸಾಲಿನ ಎತ್ತರವನ್ನು 2ರ ಆಸುಪಾಸಿಗೆ ಏರಿಸಿ, ಪೆಟ್ಟಿಗೆಗೆ ನಿಗದಿತ ಎತ್ತರ ಕೊಟ್ಟಿದ್ದರೆ ಅದನ್ನು ತೆಗೆದುಹಾಕಿ.