ಕವನ ಮನೆಯಲ್ಲಿರಲಿ, ಒಂದು ವರದಿ ತೆಗೆದುಕೊಂಡು ಹೋಗು

ಪ್ರಶ್ನೆ: ಮೇಡಂ, ನಾನು ಶ್ರೀರಂಗಪಟ್ಟಣದವಳು. ಮೈಸೂರಿನ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ತರುವ ಮಾಸಪತ್ರಿಕೆಗೆ ವರದಿಗಾರರು ಬೇಕಂತೆ. ಬರೆದದ್ದು ಏನಾದರೂ ತನ್ನಿ ಎಂದಿದ್ದಾರೆ. ನನ್ನ ಹತ್ತಿರ ಇರುವುದು ಕವನ ಮತ್ತು ಚರ್ಚಾಸ್ಪರ್ಧೆಯ ಭಾಷಣಗಳು ಮಾತ್ರ. ಪತ್ರಿಕೋದ್ಯಮ ನನ್ನ ವಿಷಯವೂ ಅಲ್ಲ. ನನ್ನನ್ನು ಸೇರಿಸಿಕೊಳ್ಳುತ್ತಾರಾ? ಸಂಬಳ ಇರುತ್ತಾ?

ಉತ್ತರ: ಯಾಕೆ ಸೇರಿಸಿಕೊಳ್ಳಲ್ಲ? ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಇಂಥದೇ ಪತ್ರಿಕೆ ನೋಡಿಕೊಳ್ಳುತ್ತಿದ್ದೆ. ಯಾರು ಯಾವ ವಿಷಯ ಓದುತ್ತಾರೆ ಅಂತ ಕೇಳಿದವಳಲ್ಲ. ಕವನಕ್ಕೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ. ಪುಟ ಕಟ್ಟಲು ಕೂತಾಗ ಕೈಗೆ ಸಿಗದೇ ಇರುತ್ತಿದ್ದದ್ದು ವರದಿ. ಹಾಗಾಗಿ ನಿನ್ನ ಕವನ ವಾರ್ಷಿಕ ಸಂಚಿಕೆಗೆ ಇರಲಿ. ಈ ಭಾನುವಾರದೊಳಗೆ ಒಂದು ವರದಿ ಬರಿ.

ಏನು ಬರೆಯೋದು ಅಂತೀಯಾ? ದಸರಾ, ಅರಮನೆ, ಪಾಲಿಕೆ ಬೇಡಮ್ಮ. ಮೈಸೂರಿನಲ್ಲಿ ಬೆಳಗಾದರೆ ‘ಆಂದೋಲನ’, ‘ಮೈಸೂರು ಮಿತ್ರ’, ಸಂಜೆಗೆ ‘ಸ್ಟಾರ್ ಆಫ್ ಮೈಸೂರ್’ ಇವೆ. ಊರ ಸುದ್ದಿಯಲ್ಲಿ ತಿಂಗಳಿಗೊಮ್ಮೆ ಬರುವ ಪತ್ರಿಕೆ ಅವರನ್ನು ಹಿಂದೆ ಹಾಕಲು ಆಗುತ್ತಾ? ಅವರ ಕಣ್ಣಿಗೆ ಬೀಳದ, ನಿನಗೆ ಮಾತ್ರ ಚೆನ್ನಾಗಿ ಗೊತ್ತಿರುವ ಸುದ್ದಿ ನಿನ್ನ ಬಸ್ ಸ್ಟಾಂಡಿನಲ್ಲೇ ಇದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆಯಿತು. ಬೈಪಾಸ್ ಹಿಡಿದ ಬಸ್ಸು ನಿಮ್ಮೂರೊಳಗೆ ಬರಲ್ಲ. ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹುಡುಗರು ಈಗಲೂ ಪಾಸ್ ಮಾಡಿಸಬೇಕು. ಈ ಎರಡರಿಂದ ನಿಮ್ಮ ಬೆಳಗಿನ ಓಡಾಟ ಸುಲಭವಾಯಿತಾ, ಕಷ್ಟವಾಯಿತಾ? ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡ. ನೋಟ್‌ಬುಕ್ ಹಿಡಿದು ಎಂಟರಿಂದ ಒಂಬತ್ತರವರೆಗೆ ನಿಂತು ನೋಡು. ಮೈಸೂರು ಕಡೆಗೆ ಎಷ್ಟು ಬಸ್ ಬಂದವು, ಎಷ್ಟು ನಿಲ್ಲಿಸದೆ ಹೋದವು, ಯಾರಿಗೆ ಮೊದಲ ಪೀರಿಯಡ್ ತಪ್ಪಿತು ಬರೆದುಕೋ. ಹೆಸರು, ಕ್ಲಾಸು ಕೇಳು. ಹಾಕಬಹುದಾ ಅಂತಲೂ ಕೇಳು. ಕಂಡಕ್ಟರ್ ಹತ್ತಿರ ಎರಡು ಮಾತಾಡು, ಅವರಿಗೂ ಹೇಳುವುದು ಇರುತ್ತೆ. ಆಮೇಲೆ ಡಿಪೋಗೆ ಹೋಗಿ ಮ್ಯಾನೇಜರನ್ನು ಕಾಣು. ಅವರು ಸಿಗದಿದ್ದರೆ, ಭೇಟಿಗೆ ಹೋದರೂ ಸಿಗಲಿಲ್ಲ ಅಂತ ವರದಿಯಲ್ಲೇ ಬರಿ. ಡಿಪೋಗೆ ಹೋಗಿ ಬಂದ ಹುಡುಗಿಯನ್ನು ಬಿಟ್ಟುಕೊಡುವ ಸಂಪಾದಕರನ್ನು ನಾನಂತೂ ಕಂಡಿಲ್ಲ.

ಬರೆಯಲು ಕೂತಾಗ ಭಾಷಣದ ಅಭ್ಯಾಸ ಅಡ್ಡ ಬರುತ್ತೆ. ‘ಇಂದಿನ ಆಧುನಿಕ ಯುಗದಲ್ಲಿ ಸಾರಿಗೆಯ ಪಾತ್ರ ಮಹತ್ವದ್ದು’ ಎಂದು ಕೈ ತಾನಾಗಿ ಓಡುತ್ತೆ. ಅದನ್ನು ಹೊಡೆದು ಹಾಕು. ನೀನು ಕಂಡದ್ದನ್ನೇ ಮೊದಲ ಸಾಲಿಗೆ ತಾ: ‘ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟ ಹುಡುಗಿಯನ್ನು ಕಂಡಕ್ಟರ್ ಕೆಳಗಿಳಿಸಿದರು. ಅವಳಿಗೆ ಒಂಬತ್ತೂವರೆಗೆ ಟೆಸ್ಟ್ ಇತ್ತು.’ ಇಂಥದ್ದು ನಡೆದಿದ್ದರೆ ಮಾತ್ರ, ಕಟ್ಟಿ ಬರೆಯಬಾರದು.

ಮುನ್ನೂರು ಪದ ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಂಡು ಹೋಗು, ಪುಟ ಮಾಡುವವರಿಗೆ ಅರ್ಧ ಕೆಲಸ ಉಳಿಯುತ್ತೆ. ಹೆಸರುಗಳ ಕಾಗುಣಿತವನ್ನು ಎರಡು ಸಲ ನೋಡು. ಪ್ರೂಫ್ ತಿದ್ದುವುದಕ್ಕೂ ಬರ್ತೀನಿ ಅಂತ ನೀನಾಗೇ ಹೇಳು. ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ ಅದು, ಬೇರೆಯವರ ಬರಹ ತಿದ್ದುತ್ತಲೇ ನಿನ್ನ ಬರಹವೂ ಹದಕ್ಕೆ ಬರುತ್ತೆ.

ಸಂಬಳ ಸಾಮಾನ್ಯವಾಗಿ ಇರಲ್ಲಮ್ಮ. ಓಡಾಟದ ಖರ್ಚು, ಫೋಟೋ ಖರ್ಚು ಕೊಡುತ್ತಾರಾ ಅಂತ ಸಂಕೋಚವಿಲ್ಲದೆ ಕೇಳು. ಸಿಗುವುದು ಬೈಲೈನ್, ಅಂದರೆ ವರದಿಯ ಜೊತೆ ಅಚ್ಚಾಗುವ ನಿನ್ನ ಹೆಸರು. ನಿನ್ನ ಹೆಸರು ಬಂದ ಪ್ರತಿ ಸಂಚಿಕೆಯನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋಗು. ಡಿಗ್ರಿ ಮುಗಿಸಿ ದಿನಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಕೇಳುವಾಗ, ಮಾರ್ಕ್ಸ್ ಕಾರ್ಡಿನ ಜೊತೆ ಆ ಫೈಲನ್ನೂ ಮೇಜಿನ ಮೇಲೆ ಇಡಬಹುದು.