ಪೇಸ್‌ಮೇಕರ್ ಹಾಕಿದ ಮೇಲೆ ಅದು ಜಾಗ ಬಿಟ್ಟು ಸರಿಯುತ್ತಾ?

ಸರಿಯಬಹುದು, ಆದರೆ ಅಪರೂಪ. ಕಾಲರ್ ಮೂಳೆಯ ಕೆಳಗೆ, ಚರ್ಮದಡಿ ಇಟ್ಟಿರುವ, ಹೃದಯ ಬಡಿತಕ್ಕೆ ಕರೆಂಟ್ ಕೊಡುವ ಡಬ್ಬಿ ಸ್ವಲ್ಪ ಅಲ್ಲಾಡಿದರೆ ಭಯವಿಲ್ಲ. ಅದರಿಂದ ಹೊರಟು ರಕ್ತನಾಳದೊಳಗೆ ಸಾಗಿ ಹೃದಯದ ಒಳಗೋಡೆಗೆ ಸಿಕ್ಕಿಸಿದ ತಂತಿಯ ತುದಿ ಕಳಚಿಕೊಂಡರೆ ಮಾತ್ರ ಕಷ್ಟ, ಯಾಕಂದರೆ ಆಗ ಕರೆಂಟ್ ಹೃದಯಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ತುದಿಯ ಸುತ್ತ ಹೊಸ ಮಾಂಸ ಬೆಳೆದು ಅದನ್ನು ಹಿಡಿದುಕೊಳ್ಳಲು ಕೆಲವು ವಾರ ಬೇಕು. ಅದಕ್ಕೇ ಶುರುವಿನಲ್ಲಿ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಭಾರ ಎತ್ತಬೇಡಿ ಅನ್ನುತ್ತಾರೆ. ಹಾಗಂತ ಕೈಯನ್ನು ಪೂರ್ತಿ ಅಲ್ಲಾಡಿಸದೆ ಇಡಬೇಡಿ, ಭುಜ ಬಿಗಿದುಕೊಳ್ಳುತ್ತದೆ.

ತಂತಿ ಕಳಚಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಕೆಲವರು ಸುಮ್ನೆ ಕೂತಾಗ ಚರ್ಮದ ಮೇಲಿಂದ ಡಬ್ಬಿಯನ್ನು ತಿರುಗಿಸುತ್ತಿರುತ್ತಾರೆ, ಎಷ್ಟೋ ಸಲ ಗೊತ್ತಿಲ್ಲದೆಯೇ. 1968ರಲ್ಲಿ ವೈದ್ಯರು ಇದಕ್ಕೆ ಟ್ವಿಡ್ಲರ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಎಕ್ಸ್‌ರೇಯಲ್ಲಿ ನೋಡಿದರೆ ತಂತಿ ಗಾಳಿಪಟದ ದಾರದಂತೆ ಡಬ್ಬಿಗೆ ಸುತ್ತಿಕೊಂಡಿರುತ್ತದೆ, ತುದಿ ಹೃದಯದಿಂದ ಎಳೆದು ಬಂದಿರುತ್ತದೆ.

ತಲೆಸುತ್ತು, ಕಣ್ಣು ಕತ್ತಲೆ ಬರುವುದು, ನಿಲ್ಲದ ಬಿಕ್ಕಳಿಕೆ, ಎದೆಯ ಸ್ನಾಯು ಪಟಪಟ ಅದುರುವುದು ಕಂಡರೆ ದಯವಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಎಚ್ಚರ ತಪ್ಪಿ ಬಿದ್ದರಂತೂ ತಕ್ಷಣ ಆಂಬುಲೆನ್ಸ್ ಕರೆಸಿ. ತಂತಿಯನ್ನು ಮತ್ತೆ ಸರಿಯಾದ ಜಾಗದಲ್ಲಿ ಕೂರಿಸಬಹುದು.